ಚಿಕ್ಕಪ್ಪನ ಹಂಡೆಯ ಸ್ವತಂತ್ರ ಪರೀಕ್ಷೆ

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಚಾಮರಾಜನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡಲು ಸೇರಿ ಆರು ತಿಂಗಳಾಗಿತ್ತು. ಆ ಆರು ತಿಂಗಳಲ್ಲಿ ನನ್ನ ಪದವಿಯಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಅದನ್ನು ಹುಡುಕಿಕೊಂಡು ಮೊದಲು ಬಂದವರು ಗುಂಡ್ಲುಪೇಟೆಯ ನಮ್ಮ ಚಿಕ್ಕಪ್ಪ. ಅದೂ ಒಂದು ಹಂಡೆಗಾಗಿ.

ಚಿಕ್ಕಪ್ಪ ಬಂಡೀಪುರದ ಅರಣ್ಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದರು. ಕಾಡಿನಿಂದ ಸೌದೆ ತುಂಬಿಕೊಂಡು ಹೊರಡುವ ಗಾಡಿಗಳಿಗೆ ರಹದಾರಿ ಚೀಟಿ ಬರೆದುಕೊಡುವುದು ಅವರ ಕೆಲಸ. ವರ್ಷಗಟ್ಟಲೆ ಆ ಚೀಟಿ ಬರೆದೂ ಬರೆದೂ, ಊರಿನವರು ಮೈಗೆ ಬಿಸಿನೀರು ಹೊಯ್ದುಕೊಳ್ಳುವುದಕ್ಕೆ ಇಷ್ಟೊಂದು ಮರ ಬೇಕೇ ಎಂಬ ಪ್ರಶ್ನೆ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಪ್ರಶ್ನೆ ಒಳ್ಳೆಯದೇ. ತೊಂದರೆ ಶುರುವಾದದ್ದು ಅವರಿಗೆ ಉತ್ತರವೂ ಹೊಳೆದಾಗ.

ಉತ್ತರ ಅವರ ಹಿತ್ತಲಿನ ಬಚ್ಚಲಲ್ಲಿ ನಿಂತಿತ್ತು. ಒಂದು ದೊಡ್ಡ ಎಣ್ಣೆ ಡ್ರಮ್ಮು, ಅದರೊಳಗೆ ಚಿಕ್ಕವ್ವನ ತವರಿನಿಂದ ಬಂದ ತಾಮ್ರದ ಹಂಡೆ, ಎರಡರ ನಡುವೆ ಗಿಡಿದು ತುಂಬಿದ ಬೂದಿ, ಮೇಲೆ ಹಲಸಿನ ಹಲಗೆಯ ಮುಚ್ಚಳ. ಕೆಳಗೆ, ಬಾವಿಯ ಕಡೆಗೆ ತೆರೆದ ಒಂದು ಸಣ್ಣ ಒಲೆಬಾಯಿ. ಹಂಡೆಯ ತಳಕ್ಕೆ ಬೆಸೆದಿದ್ದ ತಗಡಿನ ಡಬ್ಬಿಯಲ್ಲಿ, ಗೋಪಾಲಸ್ವಾಮಿ ಬೆಟ್ಟದ ಬುಡದಿಂದ ಚೀಲದಲ್ಲಿ ಹೊತ್ತುತಂದಿದ್ದ ಬಿಳಿ ಕಲ್ಲಿನ ಪುಡಿ. ಈ ಪುಡಿಗೆ ಒಮ್ಮೆ ಬೆಂಕಿ ತೋರಿಸಿ ಎಚ್ಚರಿಸಿದರೆ ಸಾಕು, ಆಮೇಲೆ ಅದು ತಾನಾಗಿಯೇ ಶಾಖ ಕೊಡುತ್ತಾ ಹೋಗುತ್ತದೆ, ಒಂದು ಪಾಲು ಸೌದೆ ಹಾಕಿದರೆ ಮೂರು ಪಾಲು ಸೌದೆಯ ಬಿಸಿ ಎಂದು ಚಿಕ್ಕಪ್ಪ ಹೇಳುತ್ತಿದ್ದರು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಈ ವಿಷಯವಾಗಿ ಎರಡು ಪಕ್ಷಗಳಾಗಿದ್ದವು. ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಹೆಂಡತಿಯ ಕೈಲಿ ಒಂದು ಹಿಡಿ ಸೌದೆ ಹಚ್ಚಿಸಿ ಹೋಗುತ್ತಾರೆ, ಸಂಜೆ ಬಂದು ಮುಚ್ಚಳ ತೆಗೆದರೆ ನೀರು ಕೈ ಸುಡುತ್ತದೆ, ನಾವೇ ಬೆರಳದ್ದಿ ನೋಡಿದ್ದೇವೆ ಎನ್ನುವುದು ಒಂದು ಪಕ್ಷ. ಒಳಗೆಲ್ಲೋ ಸೀಮೆಎಣ್ಣೆಯ ಬತ್ತಿ ಅಡಗಿಸಿದ್ದಾರೆ ಎನ್ನುವುದು ಇನ್ನೊಂದು. ತೆರಕಣಾಂಬಿಯಿಂದ ಬಂದಿದ್ದ ಒಬ್ಬ ರೈತರು ಮಾತ್ರ ಯಾವ ಪಕ್ಷಕ್ಕೂ ಸೇರದೆ, ಅದರಲ್ಲಿ ಕೋಳಿಮೊಟ್ಟೆ ಮರಿಯಾಗುತ್ತದೆಯೇ ಎಂದು ಕೇಳಿ ಹೋಗಿದ್ದರಂತೆ.

ಚಿಕ್ಕಪ್ಪ ಮೈಸೂರಿನ ಒಬ್ಬ ಎಂಜಿನಿಯರಿಗೆ ಕಾಗದ ಬರೆದರು. ಅವರು ಸಭ್ಯರಿರಬೇಕು, ಉತ್ತರ ಬರೆದಿದ್ದರು. ಸಂಬಂಧವಿಲ್ಲದ, ವಿಜ್ಞಾನ ಬಲ್ಲ ಒಬ್ಬರಿಂದ ಸ್ವತಂತ್ರವಾಗಿ ಪರೀಕ್ಷೆ ಮಾಡಿಸಿ, ಅವರ ರುಜುವಿನೊಂದಿಗೆ ಅಂಕಿಗಳನ್ನು ಕಳಿಸಿದರೆ ನೋಡಬಹುದು ಎಂದು. ಆ ಭಾನುವಾರವೇ ಚಿಕ್ಕಪ್ಪ ಚಾಮರಾಜನಗರದ ನಮ್ಮ ಮನೆಯ ಜಗಲಿಯ ಮೇಲಿದ್ದರು.

"ನಾನು ನಿಮ್ಮ ಅಣ್ಣನ ಮಗಳು, ಚಿಕ್ಕಪ್ಪ. ಸಂಬಂಧವಿಲ್ಲದವರು ಅಂತ ಬರೆದಿದ್ದಾರೆ."

"ನಿಂಗೂ ನಂಗೂ ಸಂಬಂಧ ಕಣಮ್ಮಿ. ನಿಂಗೂ ಹಂಡೆಗೂ ಏನದೆ?"

"ಸ್ವತಂತ್ರವಾಗಿ ಅಂತಲೂ ಇದೆ."

"ನಿನ್ಗಿಂತ ಸ್ವತಂತ್ರ ಯಾರವ್ರೆ ಈ ಜಿಲ್ಲೇಲಿ? ಮೂರ್ ಗಂಡು ಬಂದು ನೋಡ್ಕಂಡ್ ಓದ್ರು, ನಿಮ್ಮಪ್ಪ ಏನ್ ಯೋಳುದ್ರೂ ಊಂ ಅಂದ್ಯಾ?"

ಒಳಗೆ ಅಪ್ಪ ಕೆಮ್ಮಿದರು. ನಾನು ಒಪ್ಪಿಕೊಂಡೆ.

ಒಂದು ರಜೆ ಶನಿವಾರಕ್ಕೆ ಬಿದ್ದಿತ್ತು. ಶುಕ್ರವಾರ ಶಾಲೆ ಬಿಟ್ಟ ಮೇಲೆ, ಮುಖ್ಯೋಪಾಧ್ಯಾಯಿನಿಯವರ ಅಪ್ಪಣೆ ಪಡೆದು ಶಾಲೆಯ ಉಷ್ಣಮಾಪಕವನ್ನು ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟುಕೊಂಡು ಬಸ್ಸು ಹತ್ತಿದೆ. ಗುಂಡ್ಲುಪೇಟೆ ಸೇರಿದಾಗ ಚಿಕ್ಕಪ್ಪ ಇನ್ನೂ ಕಚೇರಿಯಿಂದ ಬಂದಿರಲಿಲ್ಲ. ಚಿಕ್ಕವ್ವ ಕಾಫಿ ಕೊಟ್ಟು, ಎದುರಿಗೆ ಕೂತು, ನಾನು ಲೋಟ ಕೆಳಗಿಡುವವರೆಗೆ ಕಾದರು.

"ಕೆಲ್ಸ ಬುಡೋಕೆ ಅರ್ಜಿ ಬರ್ದು ಪಂಚಾಂಗ್ದೊಳ್ಗೆ ಮಡ್ಗವ್ರೆ ಕಣವ್ವ. ನೀನ್ ರುಜು ಹಾಕ್ದೇಟ್ಗೆ ಅದ್ನ ಕೊಟ್ಬುಟ್ಟು, ಊರೂರ್ಗೂ ಹಂಡೆ ಮಾಡ್ಕೊಡ್ತಾರಂತೆ."

ಪಿಂಚಣಿಗೆ ಇನ್ನು ಎರಡೇ ವರ್ಷವಿತ್ತು. ಅವರ ಒಬ್ಬಳೇ ಮಗಳು ಚಾಮರಾಜನಗರದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದಳು. ನನ್ನ ಹಳೆಯ ಪುಸ್ತಕಗಳ ಮೇಲೆ ಈಗಾಗಲೇ ತನ್ನ ಹೆಸರು ಬರೆದುಕೊಂಡಿದ್ದಳು.

"ಅವ್ಳ್ನೂ ನಿನ್ನಂಗೆ ಮೈಸೂರ್ಗೆ ಕಳಸ್ಬೇಕು ಅಂತ ನಂಗೆ. ಇವ್ರ ಸಂಬ್ಳ ಇಲ್ದಿದ್ರೆ ಅದಾಯ್ತದಾ? ನೀನ್ ಸುಳ್ಳೇನೂ ಯೋಳ್ಬೇಡ. ಆದ್ರೆ..." ಚಿಕ್ಕವ್ವ ಲೋಟ ಎತ್ತಿಕೊಂಡರು. "ಅದು ನಡೀದಿದ್ರೆ ನಿಂಗೇನೂ ಬೇಜಾರಾಗ್ದು, ಅಲ್ವಾ?"

ನಾನು ಬಂದದ್ದು ಹಂಡೆಯ ಬಿಸಿ ಅಳೆಯುವುದಕ್ಕೆ. ಅಳೆಯಬೇಕಾದದ್ದು ಅದೊಂದೇ ಅಲ್ಲವೆಂದು ಆಗ ಗೊತ್ತಾಯಿತು.

ಆ ಸಂಜೆ ನಿಯಮಗಳನ್ನು ಬರೆದೆ. ಸೌದೆ ಒಂದು ರತ್ತಲು, ಈಗಿನ ಅರ್ಧ ಕಿಲೋಗೆ ತುಸು ಕಮ್ಮಿ, ನಾನೇ ಆರಿಸಿ ನಾನೇ ತೂಗಿದ್ದು. ನೀರು ಮೂರು ಕೊಡ. ಕಾಲು ಗಂಟೆಗೊಮ್ಮೆ ಉಷ್ಣಮಾಪಕ ನೋಡಿ ಬರೆಯುವುದು. ಯಂತ್ರವನ್ನು ಮಾಡಿದವರು ಪರೀಕ್ಷೆ ಮುಗಿಯುವವರೆಗೆ ಅದರ ಹತ್ತಿರ ಬರಕೂಡದು. ಚಿಕ್ಕಪ್ಪ ಇದನ್ನೆಲ್ಲ ಓದಿಸಿಕೊಂಡು, ಒಪ್ಪಿ, ಕೆಳಗೆ ತಮ್ಮ ರುಜುವನ್ನೂ ದಿನಾಂಕವನ್ನೂ ಹಾಕಿದರು. ಆಮೇಲೆ ತಾವು ಒಂದು ತಿಂಗಳಿಂದ ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಸೌದೆಯನ್ನೇ ಉಪಯೋಗಿಸಬಹುದೆಂದರು. ಬೇಡವೆಂದೆ. ತಾಪ ನೋಡುವಾಗ ತಾವು ಪಕ್ಕದಲ್ಲಿದ್ದರೆ ಅನುಕೂಲ, ನಿನಗೆ ಕನ್ನಡಕ ಬೇರೆ, ಎಂದರು. ಅದಕ್ಕೂ ಬೇಡವೆಂದೆ.

"ಸುಮ್ನೆ ನಿಂತ್ಕತೀನಿ ಕಣಮ್ಮಿ. ಕೈ ಹಿಂದಕ್ ಕಟ್ಕಂಡು."

"ನಿಯಮಕ್ಕೆ ರುಜು ಹಾಕಿದ್ದೀರಿ."

ಅವರನ್ನು ಜಗಲಿಯ ಮೇಲೆ ಹಿಡಿದಿಡಲು ಒಬ್ಬ ಕಾವಲಿನವರನ್ನೂ ಗೊತ್ತುಮಾಡಿದೆ. ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಸಾಹೇಬರು. ಡ್ರಮ್ಮು ಕತ್ತರಿಸಿದವರು, ಡಬ್ಬಿ ಬೆಸೆದವರು ಅವರೇ. ಒಳಗೇನಿದೆ ಎಂದು ಚಿಕ್ಕಪ್ಪನ ಹೊರತು ಗೊತ್ತಿದ್ದವರು ಅವರೊಬ್ಬರೇ. ಕಲ್ಲಿನ ಪುಡಿಯಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಹಂಡೆ ನಡೆಯುವುದೇ ನಿಜವಾದರೆ ಅದಕ್ಕೆ ತಮ್ಮ ಬೆಸುಗೆ ಕಾರಣ ಎಂದು ಅವರ ಅಭಿಪ್ರಾಯ.

ಶನಿವಾರ ಬೆಳಿಗ್ಗೆ ಏಳೂವರೆಗೆ ಬೆಂಕಿ ಹೊತ್ತಿಸಿದೆ. ಮುಚ್ಚಳದ ತೂತಿನಲ್ಲಿ ಉಷ್ಣಮಾಪಕವನ್ನು ಇಳಿಬಿಟ್ಟು, ಒಲೆಬಾಯಿ ಕಾಣದ ಈಚೆ ಬದಿಗೆ ಒಂದು ಮಣೆ ಹಾಕಿಕೊಂಡು ಕೂತೆ. ನೋಟುಪುಸ್ತಕದಲ್ಲಿ ಮೂರು ಕಾಲಂ ಎಳೆದಿದ್ದೆ. ಹೊತ್ತು, ತಾಪ, ವಿಶೇಷ. ಎಂಟೂವರೆಯಷ್ಟರಲ್ಲಿ ನಾಲ್ಕನೆಯದೊಂದನ್ನು ಎಳೆಯಬೇಕಾಯಿತು. ಅದಕ್ಕೆ 'ಆಗಮನ' ಎಂದು ಹೆಸರಿಟ್ಟೆ. ಆ ಪುಸ್ತಕ ಈಗಲೂ ನನ್ನ ಹತ್ತಿರವಿದೆ.

೮-೧೦. ಬಂದರು. ಕಾರಣ: ಅಡಕತ್ತರಿ.

೮-೨೫. ಬಂದರು. ಕಾರಣ: ಅಡಕತ್ತರಿಯನ್ನು ಇದ್ದಲ್ಲೇ ಇಡಲು.

೯-೨೦. ಬಂದರು. ಕಾರಣ: ಛತ್ರಿ. (ಹೊರಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ.)

೧೦-೦೫. ಬಂದರು. ಕಾರಣ ಹೇಳಲಿಲ್ಲ. ಮುಚ್ಚಳ ನೋಡಿ ತಲೆಯಾಡಿಸಿ ಹೋದರು.

ಹೀಗೆ ಆ ದಿನ ಒಟ್ಟು ಎಂಟು ಸಲ. ಪ್ರತಿ ಸಲವೂ ಹಿಂದೆಯೇ ಸಾಹೇಬರು ಓಡಿಬರುತ್ತಿದ್ದರು. "ಏನ್ ಮಾಡ್ಲಿ ಬೇಟಿ, ಎಲೆಗೆ ಸುಣ್ಣ ಹಚ್ಚೋಕೆ ತಲೆ ತಗ್ಗಿಸ್ದೆ, ಅಷ್ಟ್ರಲ್ಲಿ ಎದ್ಬಂದ್ಬಿಟ್ರು. ಬನ್ನಿ ಸ್ವಾಮಿ, ಬನ್ನಿ."

"ನನ್ ಮನೇಲಿ ನಾನ್ ತಿರ್ಗಾಡ್ಬಾರ್ದಾ?"

"ತಿರ್ಗಾಡಿ. ಆ ಕಡೆ ತಿರ್ಗಾಡಿ."

ಅವರು ಬಂದಾಗಲೆಲ್ಲ ನಾನು ಅವರ ಕೈಗಳ ಮೇಲೇ ಕಣ್ಣಿಟ್ಟಿದ್ದೆ. ನ್ಯಾಯವಾಗಿ ಹೇಳಬೇಕೆಂದರೆ, ಅವರು ಏನನ್ನೂ ಮುಟ್ಟಲಿಲ್ಲ.

ಒಂದು ರತ್ತಲು ಸೌದೆ ಬಹಳವೆಂದರೆ ಒಂದು ಗಂಟೆ ಉರಿದೀತು. ಆಮೇಲೆ ತಾಪ ನಿಧಾನವಾಗಿ ಇಳಿಯಬೇಕು. ಇಳಿಯಲಿಲ್ಲ. ಒಂಬತ್ತಕ್ಕೆ ಏರಿತು, ಹತ್ತಕ್ಕೆ ಏರಿತು, ಹನ್ನೊಂದಕ್ಕೆ ಫ್ಯಾರನ್‌ಹೀಟ್ ನೂರ ಎಂಬತ್ತು ಡಿಗ್ರಿಯ ಹತ್ತಿರ ನಿಂತಿತು, ನಿಂತೇ ಇತ್ತು. ಪುಸ್ತಕದ ಕೊನೆಯ ಹಾಳೆಯಲ್ಲಿ ಗುಣಿಸಿ ನೋಡಿದೆ. ಅಷ್ಟು ಸೌದೆಯಲ್ಲಿರುವ ಬಿಸಿಯೆಲ್ಲ ಒಂದಿಷ್ಟೂ ಪೋಲಾಗದೆ ನೀರಿಗೇ ಹೋದರೂ ಇಷ್ಟು ಹೊತ್ತು ಇಷ್ಟು ತಾಪ ನಿಲ್ಲುವಂತಿರಲಿಲ್ಲ. ಮತ್ತೆ ಗುಣಿಸಿದೆ. ಮೂರನೆಯ ಸಲ ಬೇರೆ ರೀತಿಯಲ್ಲಿ ಗುಣಿಸಿದೆ.

ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ: ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಾನು ಆ ಕಲ್ಲಿನ ಪುಡಿಯನ್ನು ನಂಬಿದ್ದೆ. ಮೈಸೂರಿನ ನನ್ನ ಮೇಷ್ಟರಿಗೆ ಬರೆಯುವ ಕಾಗದದ ಮೊದಲ ವಾಕ್ಯವನ್ನೂ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟಿದ್ದೆ. ವಿನಯದಿಂದ ಕೂಡಿದ ವಾಕ್ಯ.

ಒಂದು ಗಂಟೆಗೆ ಊಟಕ್ಕೆ ಕರೆದಾಗ ಚಿಕ್ಕಪ್ಪ ಬಾಗಿಲ ಆಚೆಯಿಂದಲೇ ಕೇಳಿದರು. "ಎಷ್ಟಮ್ಮಿ?"

ಹೇಳಬಾರದಿತ್ತು. ಹೇಳಿದೆ.

ಅವರು ನೇರವಾಗಿ ಒಳಗೆ ಹೋದರು. ಪಂಚಾಂಗದಿಂದ ಮಡಿಸಿದ ಕಾಗದವನ್ನು ತೆಗೆದು ಅಂಗಿಯ ಜೇಬಿಗಿಟ್ಟುಕೊಂಡು, ಜೇಬಿನ ಮೇಲೆ ಒಮ್ಮೆ ಕೈಯಾಡಿಸಿ, ಜಗಲಿಗೆ ಹೋಗಿ ಕೂತರು. ಚಿಕ್ಕವ್ವ ಅದನ್ನು ನೋಡಿದರು. ನನ್ನ ಎಲೆಗೆ ಸಾರು ಬಡಿಸುತ್ತಿದ್ದವರು ಒಂದು ಸೌಟು ಹೆಚ್ಚಾಗಿಯೇ ಬಡಿಸಿಬಿಟ್ಟರು.

ಮೂರು ಗಂಟೆಯ ಹೊತ್ತಿಗೆ ಚಿಕ್ಕವ್ವ ಬಾವಿಯಿಂದ ಸೊಂಟದ ಮೇಲೆ ಕೊಡ ಹೊತ್ತು ಬಂದರು. ನಾನು ತಲೆಯೆತ್ತಿ ಅವರನ್ನೇ ನೋಡುತ್ತಿದ್ದೆ. ಯಾಕೆಂದರೆ ಹಂಡೆ ನಡೆಯುತ್ತದೆಂದು ಅವರಿಗೆ ಹೇಳಲು ನನಗೆ ಧೈರ್ಯ ಬೇಕಾಗಿತ್ತು, ಅದನ್ನು ಒಟ್ಟು ಮಾಡಿಕೊಳ್ಳುತ್ತಿದ್ದೆ. ಒಲೆಬಾಯಿಯ ಮುಂದೆ ಬರುತ್ತಲೇ ಅವರು, ತುಂಬಿದ ಕೊಡ ತುಳುಕದ ಹಾಗೆ, ಮಂಡಿ ಮಡಿಸಿ ಬಗ್ಗಿದರು. ಪಕ್ಕದಲ್ಲಿ ಹಳೆಯ ಬಚ್ಚಲೊಲೆಗೆಂದು ಪೇರಿಸಿಟ್ಟಿದ್ದ ಸೌದೆಯಿಂದ ಒಂದು ಚಕ್ಕೆ ತೆಗೆದು ಒಳಕ್ಕೆ ತಳ್ಳಿದರು, ಎದ್ದರು, ಅಡುಗೆಮನೆಯ ಕಡೆ ನಡೆದರು. ನಡಿಗೆ ತಪ್ಪಿತೆಂದು ಹೇಳುವಷ್ಟು ಹೊತ್ತೂ ಹಿಡಿಯಲಿಲ್ಲ.

"ಚಿಕ್ಕವ್ವ, ಈಗೇನು ಮಾಡಿದಿರಿ?"

"ನೀರ್ ತಂದೆ."

"ಬಾವಿಯಿಂದ ಇಲ್ಲಿಗೆ ಬರುವ ನಡುವೆ ಬಗ್ಗಿದಿರಿ."

"ಬಗ್ಗುದ್ನಾ?" ಕೊಡ ಇಳಿಸಿ ತಮ್ಮ ಬಲಗೈ ತಿರುಗಿಸಿ ನೋಡಿಕೊಂಡರು. ಬೆರಳ ತುದಿಗಳು ಕಪ್ಪಾಗಿದ್ದವು. "ಅಯ್ಯೋ ಶಿವನೆ."

"ಬೆಳಿಗ್ಗೆಯಿಂದ ಎಷ್ಟು ಸಲ ಹೀಗೆ?"

"ಅದ್ನೆಲ್ಲ ಯಾರವ್ವ ಎಣ್ಸ್ತಾರೆ? ಒಲೆ ಮುಂದ್ಗಡೆ ಓಗುವಾಗ ಒಂದ್ ಚಕ್ಕೆ ತಳ್ದೆ ಓಯ್ತಾರಾ ಯಾರಾದ್ರೂ? ನೀನೂ ತಳ್ಳುದ್ಯಲ್ಲ."

"ನಾನಾ?"

"ನೀನೇ. ಊಟುಕ್ ಮುಂಚೆ. ವಗೆ ಬಂತು, ಕನ್ನಡ್ಕ ಎತ್ತಿ ಕಣ್ಣೊರಸ್ಕಂಡು, ಈ ಕಡೆ ಬಂದು ಒಂದ್ ಚಕ್ಕೆ ತಳ್ಬುಟ್ಟು, ಓಗಿ ಬರ್ಕಂಡೆ."

ನಾನು ಹಾಗೆ ಮಾಡಿಲ್ಲವೆಂದು ಹೇಳಲು ಬಾಯಿ ತೆರೆದು, ಪುಸ್ತಕ ನೋಡಿದೆ. ಹನ್ನೊಂದೂ ಕಾಲರ ತಾಪದ ಪಕ್ಕದಲ್ಲಿ ಒಂದು ಹೆಬ್ಬೆರಳಿನ ಗುರುತಿತ್ತು. ಮಸಿಯದು. ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ನಮ್ಮ ಅಮ್ಮ, ಅಜ್ಜಿ, ನಾನು ಕಂಡ ಹೆಂಗಸರೆಲ್ಲ ಒಲೆಯ ಮುಂದೆ ಹಾದುಹೋಗುವಾಗ ಮಾಡುವುದನ್ನೇ ಬಿ.ಎಸ್ಸಿ. ಓದಿದ ಕೈಯೂ ಮಾಡಿತ್ತು. ನಾನು ಎಳೆದ ನಾಲ್ಕು ಕಾಲಮ್ಮುಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಒಂದಿಡೀ ಕಾಲಂ ತುಂಬ ಚಿಕ್ಕಪ್ಪನೇ ಇದ್ದರು. ಆದರೆ ಅವರು ಮದುವೆಯಾದಾಗಿನಿಂದ ಒಂದು ದಿನವೂ ಒಲೆಗೆ ಸೌದೆ ಒಡ್ಡಿದವರಲ್ಲ. ಆ ಮನೆಯಲ್ಲಿ ನಾನು ಅನುಮಾನ ಪಡಬೇಕಾಗಿರದಿದ್ದ ಮನುಷ್ಯ ಅವರೊಬ್ಬರೇ.

ಅವರು ಬಂಡೀಪುರಕ್ಕೆ ಹೋದ ದಿನಗಳಲ್ಲೆಲ್ಲ ಹಂಡೆ ಸಂಜೆಯವರೆಗೂ ಯಾಕೆ ಬಿಸಿಯಾಗಿರುತ್ತಿತ್ತೆಂದು ಈಗ ಇಬ್ಬರಿಗೂ ತಿಳಿಯಿತು.

"ಅಂದ್ರೆ ಇಷ್ಟ್ ದಿನ ನೀರ್ ಕಾಯ್ಸಿದ್ದು ಆ ಕಲ್ಲಲ್ಲ?"

"ಅಲ್ಲ."

"ನಾನು?"

"ನೀವು."

ಹಂಡೆ ನಡೆಯದಿರಲಿ ಎಂದು ಹಾರೈಸಿದ್ದವರು, ದಿನವಿಡೀ ಅದನ್ನು ನಡೆಸಿದವರು ಅವರೇ. ಸಂತೋಷಪಡುತ್ತಾರೆಂದುಕೊಂಡೆ. ಚಿಕ್ಕವ್ವ ಜಗಲಿಯ ಕಡೆ ನೋಡಿದರು. ಅಲ್ಲಿ ಚಿಕ್ಕಪ್ಪ, ಹಂಡೆಗಳನ್ನು ಮಾಡಿಕೊಡಲು ತಗಡು ಎಲ್ಲಿಂದ ತರಿಸಬೇಕೆಂದು ಸಾಹೇಬರಿಗೆ ವಿವರಿಸುತ್ತಿದ್ದುದು ಕೇಳುತ್ತಿತ್ತು.

"ಇದ್ನ ಅವ್ರಿಗ್ ಯೋಳ್ಲೇಬೇಕಾ?" ಎಂದರು ಸಣ್ಣ ದನಿಯಲ್ಲಿ.

"ಸುಳ್ಳು ಹೇಳಬೇಡ ಅಂದಿದ್ದು ನೀವೇ."

"ಅಂದಿದ್ದೆ. ನಿನ್ನೆ."

ಹೇಳಿದೆ. ಚಿಕ್ಕಪ್ಪ ಪೂರ್ತಿ ಕೇಳಿದರು. ಸಾಹೇಬರು ನಗಬಾರದೆಂದು ಎಲೆಯಡಿಕೆಯನ್ನು ಬಾಯ್ತುಂಬ ತುಂಬಿಕೊಂಡರು. ಚಿಕ್ಕಪ್ಪ ಕಚೇರಿಯ ದನಿಯಲ್ಲಿ ಮಾತಾಡಿದರು.

"ಪುಡೀಲಿ ತಪ್ಪಿಲ್ಲ. ಪರೀಕ್ಷೇಲಿ ತಪ್ಪದೆ. ನಾಳೆ ಇನ್ನೊಂದ್ಸಲ ಮಾಡು. ಇವ್ಳ್ನೂ ಇಲ್ಲೇ ಕೂರ್ಸು."

ನ್ಯಾಯವಾದ ಮಾತು. ಯಂತ್ರ ಮಾಡಿದವರು ಪರೀಕ್ಷೆಗೆ ಕೊಟ್ಟ ಸಲಹೆಗಳಲ್ಲಿ ನಾನು ಒಪ್ಪಿಕೊಂಡದ್ದು ಅದೊಂದೇ.

ಭಾನುವಾರ ಬಾವಿಯ ಕಡೆಗೆ ಒಂದು ಹಗ್ಗ ಕಟ್ಟಿದೆ. ಪೇರಿಸಿಟ್ಟ ಸೌದೆಯನ್ನೆಲ್ಲ ಬೆಳಿಗ್ಗೆಯೇ ಕೊಟ್ಟಿಗೆಗೆ ಸಾಗಿಸಿದೆ. ನನ್ನ ಬಲಗೈಯನ್ನೂ ನಂಬದೆ, ಪೆನ್ಸಿಲ್ ಹಿಡಿಯದಾಗ ಅದನ್ನು ಸೆರಗಿನೊಳಗಿಟ್ಟುಕೊಂಡೆ. ಚಿಕ್ಕವ್ವ ನಸುಕಿಗೇ ಎದ್ದು ಮುದ್ದೆ ಸಾರು ಮಾಡಿಟ್ಟು, ಸೀರೆ ಬದಲಿಸಿ, ಜಗಲಿಗೆ ಹೋಗಿ ಕೂತರು. ಹಗಲಲ್ಲಿ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ವಿಚಾರಿಸುತ್ತಿದ್ದರು.

"ಕೈಯ ಎಲ್ಲವ್ವ ಮಡಿಕ್ಕಳ್ಳಿ?" ಎಂದು ಚಿಕ್ಕವ್ವ ಒಳಗೆ ಕೂಗಿ ಕೇಳಿದರು.

"ಮಡಿಲಲ್ಲಿ ಮಡಿಕ್ಕ," ಎಂದರು ಚಿಕ್ಕಪ್ಪ. "ನಾನ್ ನೆನ್ನೆ ಅಂಗೇ ಮಡಿಕ್ಕಂಡಿದ್ದೆ."

"ನೆನ್ನೆ ಎಂಟ್ ಸಲ ಎದ್ದೋದ್ರಿ ಸ್ವಾಮಿ," ಎಂದರು ಸಾಹೇಬರು.

ಆ ದಿನ ಆಗಮನದ ಕಾಲಂ ಖಾಲಿಯಿತ್ತು. ಅಡಕತ್ತರಿಯೂ ಬೇಕಾಗಲಿಲ್ಲ, ಛತ್ರಿಯೂ ಬೇಕಾಗಲಿಲ್ಲ. ಬೆಂಕಿ ಎಂಟೂವರೆಗೆ ಆರಿತು. ನೀರು ಹದವಾಗಿ ಕಾದು, ತಾಪ ನಿಂತು, ಇಳಿಯಲು ಶುರುವಾಯಿತು. ಬೂದಿ ತುಂಬಿದ್ದರಿಂದ ಬರೀ ಹಂಡೆಗಿಂತ ನಿಧಾನವಾಗಿ ಇಳಿಯಿತು. ಅದನ್ನು ಬರೆದುಕೊಂಡೆ, ಅಡಿಗೆರೆ ಹಾಕಿದೆ. ಆದರೆ ಇಳಿಯಿತು. ಮಧ್ಯಾಹ್ನ ಮೂರಕ್ಕೆ ಕೈಯಿಟ್ಟರೆ ಉಗುರುಬೆಚ್ಚಗಿತ್ತು. ಕಲ್ಲಿನ ಪುಡಿಗೆ ಎಚ್ಚರವಾಗಿರಲಿಲ್ಲ.

ವರದಿಯನ್ನು ಎರಡು ಪ್ರತಿ ಬರೆದೆ. ಪುಡಿಯಿಂದ ಶಾಖ ಹುಟ್ಟುವುದಿಲ್ಲ. ಬೂದಿಯ ಹೊದಿಕೆ ಶಾಖವನ್ನು ಚೆನ್ನಾಗಿ ಉಳಿಸುತ್ತದೆ. ಮೊದಲ ದಿನದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಏಕೆಂದರೆ ಮನೆಯ ಹೆಂಗಸರೂ ಪರೀಕ್ಷಕಿಯೂ ತಿಳಿಯದೆ ಸೌದೆ ಒಡ್ಡಿದ್ದಾರೆ. ಆ ಕೊನೆಯ ವಾಕ್ಯ ಬರೆಯಲು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ರುಜು ಹಾಕಿ ಜಗಲಿಗೆ ತಂದುಕೊಟ್ಟೆ. ಚಿಕ್ಕಪ್ಪ ಎರಡು ಸಲ ಓದಿದರು. ಒಂದು ಕಡೆ ಬಿಟ್ಟುಹೋಗಿದ್ದ ದಿನಾಂಕವನ್ನು ಸೇರಿಸಲು ಹೇಳಿದರು.

ಆಮೇಲೆ ಎದ್ದು ಒಳಗೆ ಬಂದರು. ಸಾಹೇಬರು ತಡೆಯಲಿಲ್ಲ. ಬಚ್ಚಲ ಹತ್ತಿರ ಬಂದು, ನಾನು ಕಟ್ಟಿದ್ದ ಹಗ್ಗವನ್ನು ಎತ್ತಿ ಅದರ ಕೆಳಗೆ ನುಸುಳಿ, ಒಲೆಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಸಂಜೆ ಆಯ್ತು. ಅವ್ಳ್ಗೆ ಸ್ನಾನಕ್ ನೀರ್ ಬೇಕಲ್ಲ. ಬೆಳಗ್ಗಿಂದ ಕೂತು ಕೂತು ಸೊಂಟ ಇಡ್ಕಂಡದಂತೆ."

ಕೊಟ್ಟಿಗೆಯಿಂದ ಒಂದು ತೋಳು ಸೌದೆ ತಂದುಕೊಟ್ಟೆ. ಅಷ್ಟನ್ನೂ ಒಟ್ಟಿಗೇ ಒಳಗೆ ಗಿಡಿದರು. ಹಾಗೆ ಒಡ್ಡಿದರೆ ಹೊತ್ತುವುದಿಲ್ಲ. ಹೇಳಲು ಹೋಗಿ ಸುಮ್ಮನಾದೆ. ಜೇಬಿಗೆ ಕೈ ಹಾಕಿ ಆ ಮಡಿಸಿದ ಕಾಗದವನ್ನು ತೆಗೆದರು. ಬಿಡಿಸಿ ನೋಡಲಿಲ್ಲ. ಅದರ ತುದಿಗೆ ಕಡ್ಡಿ ಗೀರಿ ಸೌದೆಯ ನಡುವೆ ಸಿಕ್ಕಿಸಿದರು. ಸರ್ಕಾರಿ ಕಾಗದ ದಪ್ಪ, ಚೆನ್ನಾಗಿ ಹೊತ್ತಿಕೊಂಡಿತು. ಸೌದೆ ಮಾತ್ರ ಹೊತ್ತಲಿಲ್ಲ. ಬಚ್ಚಲ ತುಂಬ ಹೊಗೆ ತುಂಬಿ, ಹೆಂಚಿನ ಸಂದಿಯಿಂದ ಬೀದಿಗೆ ಹೋಯಿತು.

"ಯಾರದು ಒಲೆ ಮುಟ್ಟಿರೋದು?" ಜಗಲಿಯಿಂದ ಚಿಕ್ಕವ್ವ ಕೂಗಿದರು. "ಏನ್ ವಗೆ ಅದು! ಬುಡಿ ಸಾಹೇಬ್ರೆ ನನ್ನ, ನಾನ್ ಓಗ್ಬೇಕು."

"ಬಿಡೋ ಹಂಗಿಲ್ಲ ತಂಗಿ. ಮೇಡಮ್ಮನವರ ಹುಕುಂ."

ಚಿಕ್ಕಪ್ಪ ಕಣ್ಣೀರು ಸುರಿಸುತ್ತಾ ಊದುತ್ತಿದ್ದರು. ಪುಸ್ತಕ ಇನ್ನೂ ನನ್ನ ಮಣೆಯ ಮೇಲಿತ್ತು. ಪರೀಕ್ಷೆ ಮುಗಿದಿತ್ತು, ಬರೆಯಬೇಕಾದ್ದಿರಲಿಲ್ಲ. ಆದರೂ ಖಾಲಿ ಕಾಲಮ್ಮಿನ ಕೊನೆಯಲ್ಲಿ ಬರೆದೆ.

೪-೫೦. ಬಂದರು. ಕಾರಣ: ಚಿಕ್ಕವ್ವನಿಗೆ ನೀರು ಕಾಯಿಸಲು.